ಜೆರಾಕ್ಸ್ ಅಂಗಡಿ ಇಲ್ಲದ ಊರಿನಲ್ಲಿ

ನಮ್ಮ ಸುದ್ದಿಪತ್ರದ ‘ಹೊಸಬರ ಪುಟ’ವನ್ನು ಇಷ್ಟು ವರ್ಷ ನಡೆಸಿಕೊಂಡು ಬಂದ ಗೆಳತಿ ನವೆಂಬರ್ ಕೊನೆಗೆ ಮ್ಯೂನಿಕ್ ಬಿಟ್ಟು ಮೈಸೂರಿಗೆ ಮರಳುತ್ತಿದ್ದಾರೆ. ಅತ್ತೆ-ಮಾವನಿಗೆ ವಯಸ್ಸಾಗಿದೆ, ಜೊತೆಗೆ ಮಗಳನ್ನು ಅಲ್ಲಿನ ಶಾಲೆಗೆ ಸೇರಿಸಬೇಕು. ಅವರು ಖಾಲಿ ಮಾಡುವ ಜಾಗಕ್ಕೆ ಇನ್ನೂ ಯಾರೂ ಬಂದಿಲ್ಲ. ಇತ್ತ ಅಕ್ಟೋಬರ್ ಬಂತು. ಕಾಲೇಜುಗಳ ಚಳಿಗಾಲದ ಸೆಮಿಸ್ಟರ್ ಶುರುವಾಗಿ, ಎರಡೆರಡು ಸೂಟ್‌ಕೇಸ್ ಎಳೆದುಕೊಂಡು ನಮ್ಮ ಹುಡುಗರು ಹುಡುಗಿಯರು ಬಂದಿಳಿದಿದ್ದಾರೆ. ನಮ್ಮ ಕನ್ನಡ ಸಂಘದ ವಾಟ್ಸಾಪ್ ಗುಂಪಿನಲ್ಲಿ ಅವವೇ ಪ್ರಶ್ನೆಗಳು, ಒಂದಕ್ಕೆ ಹತ್ತು ಉತ್ತರ, ಹತ್ತೂ ಬೇರೆ ಬೇರೆ. ಆದ್ದರಿಂದ ಈ ಸಲದ ಸಂಪಾದಕೀಯದಲ್ಲಿ ರಾಜ್ಯೋತ್ಸವದ ಮಾತು ಕಡಿಮೆ, ಯಾವ ಬಾಗಿಲು ತಟ್ಟಬೇಕು ಎಂಬ ಮಾತೇ ಹೆಚ್ಚು.

ಊರಲ್ಲಿ ಈ ಕಷ್ಟ ಇರಲಿಲ್ಲ. ತಾಲ್ಲೂಕು ಕಚೇರಿ ಎದುರಿಗೆ ಒಂದು ಜೆರಾಕ್ಸ್ ಅಂಗಡಿ ಇದ್ದೇ ಇರುತ್ತದೆ. ಹೊರಗೆ ಒಂದು ಬೆಂಚು, ಕೌಂಟರಿನ ಮೇಲೆ ಗೋಂದಿನ ಡಬ್ಬಿ, ಗುಂಡುಪಿನ್ನಿನ ಪೆಟ್ಟಿಗೆ, ದಾರ ಕಟ್ಟಿದ ಪೆನ್ನು. ಅಂಗಡಿಯವರು ಮುಖ ನೋಡಿಯೇ ಕೇಳುತ್ತಾರೆ: ‘ಜಾತಿ-ಆದಾಯಾನಾ, ಪಹಣೀನಾ?’ ಫಾರಂ ಅವರ ಹತ್ತಿರವೇ ಇರುತ್ತದೆ. ಎಲ್ಲಿ ಸಹಿ, ಎಲ್ಲಿ ಫೋಟೋ, ಯಾವುದಕ್ಕೆ ನೋಟರಿ ಬೇಕು, ಯಾವುದಕ್ಕೆ ಬೇಡ, ಎಲ್ಲವೂ ಬಾಯಲ್ಲೇ ಇರುತ್ತದೆ. ‘ಶಿರಸ್ತೇದಾರ್ರು ಇವತ್ತು ಮೀಟಿಂಗು, ಮಧ್ಯಾಹ್ನದ ಮೇಲೆ ಬನ್ನಿ. ರೇಷನ್ ಕಾರ್ಡ್ ಒರಿಜಿನಲ್ ತರೋದು ಮರೀಬೇಡಿ.’ ಪ್ರತಿಗೆ ಎರಡು ರೂಪಾಯಿ ಕೊಟ್ಟು ಬಂದರೆ ಅರ್ಧ ಕೆಲಸ ಆದ ಹಾಗೆ. ಓದು ಬಾರದ ಅಜ್ಜಿಯೂ ಆ ಬೆಂಚಿನ ಮೇಲೆ ಕೂತು ಪಿಂಚಣಿ ಮಾಡಿಸಿಕೊಂಡು ಹೋಗುತ್ತಿದ್ದರು. ಮಾಹಿತಿ ಅನ್ನುವುದು ಅಲ್ಲಿ ಒಬ್ಬ ಮನುಷ್ಯನ ರೂಪದಲ್ಲಿ ಇತ್ತು.

ಜರ್ಮನಿಯಲ್ಲಿ ಕಚೇರಿ ಎದುರಿಗೆ ಆ ಅಂಗಡಿ ಇಲ್ಲ. ಹಾಗಂತ ಕೇಳಲು ಯಾರೂ ಇಲ್ಲ ಎಂದಲ್ಲ. ನಮ್ಮ ಪ್ರಶ್ನೆಗೆ ಉತ್ತರ ಹೇಳುವುದಕ್ಕೆಂದೇ ಸರ್ಕಾರ ಸಂಬಳ ಕೊಟ್ಟು ಕೂರಿಸಿದ ಜನ ಇದ್ದಾರೆ. ನಮ್ಮವರು ಅಲ್ಲಿಗೆ ಹೋಗುವುದೇ ಇಲ್ಲ. ಗುಂಪಿನಲ್ಲಿ ಕೇಳಿ, ಯಾರೋ 2016ರಲ್ಲಿ ಮಾಡಿದ್ದನ್ನು ಇಂದು ಮಾಡಿ, ಸಿಕ್ಕಿಹಾಕಿಕೊಳ್ಳುತ್ತಾರೆ. ಕರಿಬೇವು ಎಲ್ಲಿ ಸಿಗುತ್ತದೆ ಎಂದು ಗುಂಪಿನಲ್ಲಿ ಕೇಳಿ. ಗಡುವು ಇರುವ ಪತ್ರದ ಬಗ್ಗೆ ದಯವಿಟ್ಟು ಕೇಳಬೇಡಿ.

ಮೊದಲ ಕೆಲಸ ಅನ್‌ಮೆಲ್ಡುಂಗ್, ಅಂದರೆ ವಿಳಾಸದ ನೋಂದಣಿ. ಮನೆಗೆ ಕಾಲಿಟ್ಟ ಎರಡು ವಾರದೊಳಗೆ ಆಗಬೇಕು. ಪಾಸ್‌ಪೋರ್ಟ್ ಜೊತೆಗೆ ಮನೆ ಮಾಲೀಕರು ಸಹಿ ಹಾಕಿದ ವೋನುಂಗ್ಸ್‌ಗೇಬರ್‌ಬೆಷ್ಟೇಟಿಗುಂಗ್ ಎಂಬ ಒಂದು ಪುಟದ ದೃಢೀಕರಣ ಬೇಕು. ಬಾಡಿಗೆ ಕರಾರು ಇದ್ದರೆ ಸಾಕು ಎಂದು ಹೋದವರು ವಾಪಸ್ ಬರುತ್ತಾರೆ, ಸಾಕಾಗುವುದಿಲ್ಲ. ಆದ್ದರಿಂದ ಕೀಲಿಕೈ ತೆಗೆದುಕೊಳ್ಳುವ ದಿನವೇ ಆ ಸಹಿಯನ್ನೂ ಹಾಕಿಸಿಕೊಳ್ಳಿ. ಎರಡು ವಾರದೊಳಗೆ ಅಪಾಯಿಂಟ್‌ಮೆಂಟ್ ಸಿಗದಿದ್ದರೆ, ಸಿಕ್ಕ ದಿನಾಂಕವನ್ನು ಕಾಯ್ದಿರಿಸಿ ಅದರ ಪ್ರತಿ ಇಟ್ಟುಕೊಳ್ಳಿ. ಮ್ಯೂನಿಕ್ ಪಕ್ಕದ ಗಾರ್ಷಿಂಗ್‌ನಲ್ಲಿ ಮನೆ ಮಾಡಿದ ವಿದ್ಯಾರ್ಥಿಗಳು ಒಂದು ವಿಷಯ ಗಮನಿಸಬೇಕು. ನಿಮ್ಮ ನೋಂದಣಿ ಮ್ಯೂನಿಕ್ ನಗರದ ನಾಗರಿಕ ಸೇವಾ ಕಚೇರಿ ಬ್ಯುರ್ಗರ್‌ಬ್ಯೂರೋದಲ್ಲಿ ಅಲ್ಲ, ಗಾರ್ಷಿಂಗ್ ಪುರಸಭೆಯಲ್ಲಿ. ವೀಸಾ ಕೆಲಸವೂ ನಗರದ ಕಚೇರಿಯಲ್ಲಿ ಅಲ್ಲ, ಮ್ಯೂನಿಕ್ ಜಿಲ್ಲಾ ಕಚೇರಿ ಲಾಂಡ್‌ರಾಟ್ಸಾಮ್ಟ್‌ನಲ್ಲಿ. ತಪ್ಪು ಕಚೇರಿಗೆ ಹೋದ ಅರ್ಜಿ ವಾರಗಟ್ಟಲೆ ಅಲ್ಲೇ ಕೂರುತ್ತದೆ.

ನೋಂದಣಿ ಆದ ಮೇಲೆ ಹನ್ನೊಂದು ಅಂಕಿಯ ತೆರಿಗೆ ಸಂಖ್ಯೆ ಅಂಚೆಯಲ್ಲಿ ಬರುತ್ತದೆ. ನಮ್ಮವರಿಗೆ ಅತಿ ಹೆಚ್ಚು ತೊಂದರೆ ಆಗುವುದು ಇಲ್ಲೇ, ಅಂಚೆ ಪೆಟ್ಟಿಗೆಯ ಮೇಲಿನ ಹೆಸರಿನಿಂದ. ಇಲ್ಲಿ ಫ್ಲಾಟ್ ನಂಬರ್ ನೋಡಿ ಪತ್ರ ಹಾಕುವುದಿಲ್ಲ, ಹೆಸರು ನೋಡಿ ಹಾಕುತ್ತಾರೆ. ಹೆಸರು ಇಲ್ಲದಿದ್ದರೆ ಪತ್ರ ಹಿಂದಿರುಗುತ್ತದೆ. ಅಪ್ಪನ ಹೆಸರು, ಊರ ಹೆಸರು ಇನಿಷಿಯಲ್ ಆಗಿ, ಪಾಸ್‌ಪೋರ್ಟ್‌ನಲ್ಲಿ ಅದು ಬಿಡಿಸಿಕೊಂಡು, ಗಂಡನ ಕೊನೆಯ ಹೆಸರು ಒಂದು, ಹೆಂಡತಿಯದು ಇನ್ನೊಂದು, ಮಗುವಿನದು ಮತ್ತೊಂದು, ಹೀಗಿರುವುದು ನಮ್ಮಲ್ಲಿ ಸಾಮಾನ್ಯ. ಮನೆಯಲ್ಲಿ ಎಷ್ಟು ಕೊನೆಯ ಹೆಸರುಗಳಿವೆಯೋ ಅಷ್ಟನ್ನೂ ಪಾಸ್‌ಪೋರ್ಟ್‌ನಲ್ಲಿ ಇರುವ ಹಾಗೇ ಪೆಟ್ಟಿಗೆಯ ಮೇಲೆ ಮತ್ತು ಕರೆಗಂಟೆಯ ಮೇಲೆ ಅಂಟಿಸಿ. ಬೇರೆಯವರ ಮನೆಯಲ್ಲಿ ಕೋಣೆ ಹಿಡಿದಿದ್ದರೆ ಅವರ ಹೆಸರಿನ ಕೆಳಗೆ ನಿಮ್ಮದೂ ಇರಲಿ. ತೆರಿಗೆ ಸಂಖ್ಯೆ, ಬ್ಯಾಂಕಿನ ಪಿನ್, ಆರೋಗ್ಯ ವಿಮೆಯ ಕಾರ್ಡ್, ಎಲ್ಲವೂ ಆ ಚೀಟಿಯನ್ನು ನಂಬಿಕೊಂಡಿವೆ.

ಮದುವೆ ಮತ್ತು ಜನನ ಪ್ರಮಾಣಪತ್ರಗಳಿಗೆ ಊರಲ್ಲಿ ಏಜೆಂಟರಿಗೆ ದುಡ್ಡು ಕೊಟ್ಟು ಅಪೊಸ್ಟಿಲ್, ಅಂದರೆ ವಿದೇಶದಲ್ಲಿ ತೋರಿಸಲು ಹಾಕುವ ದೃಢೀಕರಣದ ಮುದ್ರೆ, ಮಾಡಿಸಿಕೊಂಡು ಬರುವವರು ಸ್ವಲ್ಪ ತಡೆಯಿರಿ. ಭಾರತ ಅಪೊಸ್ಟಿಲ್ ಒಪ್ಪಂದಕ್ಕೆ ಸೇರಿದಾಗ ಜರ್ಮನಿ ಆಕ್ಷೇಪ ಹಾಕಿದೆ, ಹಾಗಾಗಿ ಎರಡು ದೇಶಗಳ ನಡುವೆ ಅದು ನಡೆಯುವುದಿಲ್ಲ. ಕೆಲವು ಕಚೇರಿಗಳು ಮೂಲಪ್ರತಿಯನ್ನೇ ಒಪ್ಪುತ್ತವೆ, ಕೆಲವು ಭಾರತದಲ್ಲಿರುವ ಜರ್ಮನ್ ದೂತಾವಾಸದ ಮೂಲಕ ಪರಿಶೀಲನೆ ಕೇಳುತ್ತವೆ. ಮೊದಲು ಸಂಬಂಧಪಟ್ಟ ಕಚೇರಿಗೆ ಬರೆದು ಏನು ಬೇಕೆಂದು ಕೇಳಿ, ಆಮೇಲೆ ಖರ್ಚು ಮಾಡಿ. ಅನುವಾದ ಬೇಕೆಂದರೆ ನ್ಯಾಯಾಲಯದಲ್ಲಿ ಪ್ರಮಾಣ ಮಾಡಿದ ಅನುವಾದಕರದೇ ಆಗಬೇಕು. ಕನ್ನಡ-ಇಂಗ್ಲಿಷ್ ಎರಡೂ ಇರುವ ಪ್ರಮಾಣಪತ್ರವಾದರೆ ಇಂಗ್ಲಿಷ್‌ನಿಂದ ಅನುವಾದ ಮಾಡುವವರು ಸುಲಭವಾಗಿ ಸಿಗುತ್ತಾರೆ. ಮಕ್ಕಳ ಲಸಿಕೆಯ ಪುಸ್ತಕ, ತಾಯಿ ಕಾರ್ಡ್ ಆದರೂ ಸರಿ, ಮೂಲಪ್ರತಿಯನ್ನೇ ತನ್ನಿ. 2020ರ ಮಾರ್ಚ್‌ನಿಂದ ದಡಾರ ಲಸಿಕೆಯ ದಾಖಲೆ ಇಲ್ಲದೆ ಶಿಶುವಿಹಾರಕ್ಕೆ ಸೇರಿಸಿಕೊಳ್ಳುವುದಿಲ್ಲ. ಎರಡು ವರ್ಷ ತುಂಬಿದ ಮಕ್ಕಳಿಗೆ ಎರಡು ಡೋಸ್ ಆಗಿರಬೇಕು.

ಈಗ ಪತ್ರಗಳ ವಿಷಯ. ಇದನ್ನು ನಿಧಾನವಾಗಿ ಓದಿ. ಸರ್ಕಾರಿ ಪತ್ರದ ಮೇಲ್ಭಾಗದ ಬಲಗಡೆ ದಿನಾಂಕ, ಕಡತದ ಸಂಖ್ಯೆ, ನಿಮ್ಮ ವಿಷಯ ನೋಡುವ ಗುಮಾಸ್ತರ ಹೆಸರು, ಅವರ ನೇರ ಫೋನ್ ನಂಬರ್ ಇರುತ್ತವೆ. ಏನೇ ಬರೆಯುವಾಗಲೂ ಆ ಕಡತ ಸಂಖ್ಯೆ ಮೊದಲ ಸಾಲಿನಲ್ಲಿ ಇರಲಿ. ಒಳಗೆ ‘ಫ್ರಿಸ್ಟ್’ ಎಂಬ ಪದ ಕಂಡರೆ ಅದು ಗಡುವು. ಮೇಲೆ ‘ಬೆಷೈಡ್’ ಎಂದಿದ್ದರೆ ಅದು ಆದೇಶ. ಆದೇಶದ ಕೊನೆಯ ಪುಟದಲ್ಲಿ, ಎಲ್ಲರೂ ಓದದೆ ಬಿಡುವ ಆ ಸಣ್ಣ ಪ್ಯಾರಾದಲ್ಲಿ, ಒಪ್ಪಿಗೆ ಇಲ್ಲದಿದ್ದರೆ ಎಲ್ಲಿಗೆ, ಎಷ್ಟು ದಿನದೊಳಗೆ ತಕರಾರು ಸಲ್ಲಿಸಬೇಕು ಎಂದು ಇರುತ್ತದೆ. ಸಾಮಾನ್ಯವಾಗಿ ಒಂದು ತಿಂಗಳು. ಹಳದಿ ಲಕೋಟೆ ಬಂದರೆ ಲಕೋಟೆಯನ್ನು ಎಸೆಯಬೇಡಿ. ಅಂಚೆಯವರು ಅದರ ಮೇಲೆ ತಲುಪಿಸಿದ ದಿನಾಂಕ ಬರೆದಿರುತ್ತಾರೆ, ದಿನಗಳ ಲೆಕ್ಕ ಶುರುವಾಗುವುದು ಅಲ್ಲಿಂದಲೇ. ನೀವು ಹಾಸನದಲ್ಲಿ ತಂಗಿಯ ಮದುವೆಯಲ್ಲಿದ್ದರೂ ಲೆಕ್ಕ ನಿಲ್ಲುವುದಿಲ್ಲ. ಬಾಕಿ ಹಣಕ್ಕಾಗಿ ನ್ಯಾಯಾಲಯದಿಂದ ಬರುವ ಮಾನ್‌ಬೆಷೈಡ್‌ಗೆ ಆಕ್ಷೇಪ ಸಲ್ಲಿಸಲು ಎರಡೇ ವಾರ. ಊರಿಗೆ ಹೋಗುವಾಗ ಅಂಚೆ ಪೆಟ್ಟಿಗೆಯ ಕೀಲಿಯನ್ನು ನಂಬಿಕಸ್ಥರ ಕೈಗೆ ಕೊಟ್ಟು ಹೋಗಿ, ಹಳದಿ ಕಂಡರೆ ಫೋಟೋ ಕಳಿಸಲು ಹೇಳಿ.

ಆ ಪತ್ರ ಹಿಡಿದುಕೊಂಡು ಹೋಗಬೇಕಾದ ಜಾಗ ಮಿಗ್ರಾಸಿಯೋನ್ಸ್‌ಬೆರಾಟುಂಗ್, ವಲಸಿಗರ ಸಲಹಾ ಕೇಂದ್ರ. ಕೇಂದ್ರ ಸರ್ಕಾರದ ಹಣದಲ್ಲಿ ಕಾರಿಟಾಸ್, ಡಿಯಾಕೊನಿ, ಆವೋ, ಜರ್ಮನ್ ರೆಡ್ ಕ್ರಾಸ್‌ನಂಥ ಸಂಸ್ಥೆಗಳು ನಡೆಸುತ್ತವೆ. 27 ವರ್ಷದೊಳಗಿನವರಿಗೆ ಯುಗೆಂಡ್‌ಮಿಗ್ರಾಸಿಯೋನ್ಸ್‌ಡೀನ್ಸ್ಟ್ ಎಂಬ ಬೇರೆ ಕೇಂದ್ರವಿದೆ. ಶುಲ್ಕ ಇಲ್ಲ, ಹೇಳಿದ್ದು ಹೊರಗೆ ಹೋಗುವುದಿಲ್ಲ. ಕಾರಿಟಾಸ್, ಡಿಯಾಕೊನಿ ಚರ್ಚ್‌ನವು ಎಂದು ಕೆಲವರು ಹಿಂಜರಿಯುತ್ತಾರೆ. ಸಲಹೆ ಕೊಡುವಾಗ ಯಾರೂ ಧರ್ಮ ಕೇಳುವುದಿಲ್ಲ. ಖುದ್ದಾಗಿ ಹೋಗಲು ಆಗದವರು ‘ಎಂಬೇಆನ್’ ಆ್ಯಪ್‌ನಲ್ಲಿ ಸಲಹೆಗಾರರಿಗೆ ಬರೆಯಬಹುದು. ಹತ್ತಿರದ ಕೇಂದ್ರ ಹುಡುಕಲು ವಲಸೆ ಇಲಾಖೆಯ ‘ಬಾಮ್ಫ್ ನಾವಿ’ಯಲ್ಲಿ ಪಿನ್‌ಕೋಡ್ ಹಾಕಿದರೆ ಸಾಕು. ಯಾವ ಇಲಾಖೆ ಎಂಬುದೇ ಗೊತ್ತಾಗದಿದ್ದರೆ 115ಕ್ಕೆ ಫೋನ್ ಮಾಡಿ, ಕೆಲಸದ ದಿನಗಳಲ್ಲಿ ಬೆಳಿಗ್ಗೆ 8ರಿಂದ ಸಂಜೆ 6ರವರೆಗೆ ಎತ್ತುತ್ತಾರೆ.

ಆರೋಗ್ಯದ್ದು ಚುಟುಕಾಗಿ. ಪ್ರಾಣಕ್ಕೆ ಅಪಾಯ ಎಂದರೆ 112. ಮೊದಲು ವಿಳಾಸ ಹೇಳಿ, ಅವರು ಇಡುವವರೆಗೆ ಫೋನ್ ಇಡಬೇಡಿ. ರಾತ್ರಿ ಮಗುವಿಗೆ ಜ್ವರ, ಡಾಕ್ಟರ ಬಾಗಿಲು ಮುಚ್ಚಿದೆ ಎಂದರೆ 116117. ತಜ್ಞ ವೈದ್ಯರ ಅಪಾಯಿಂಟ್‌ಮೆಂಟ್ ಸಿಗದೆ ಒದ್ದಾಡುವವರೂ ಇದೇ ಸಂಖ್ಯೆಗೆ ಕೇಳಬಹುದು. ಮಗು ಏನಾದರೂ ನುಂಗಿದರೆ ಮ್ಯೂನಿಕ್‌ನ ವಿಷ ಸಹಾಯವಾಣಿ 089 19240. ಸರ್ಕಾರಿ ವಿಮೆಯಲ್ಲಿ ಆದಾಯವಿಲ್ಲದ ಸಂಗಾತಿಗೂ ಮಕ್ಕಳಿಗೂ ಹೆಚ್ಚಿನ ಹಣ ಕಟ್ಟಬೇಕಿಲ್ಲ, ಆದರೆ ಅದಕ್ಕೊಂದು ಫಾರಂ ತುಂಬಬೇಕು. ಮಕ್ಕಳ ಭತ್ಯೆ ಕಿಂಡರ್‌ಗೆಲ್ಡ್ ಕೂಡ ಅರ್ಜಿ ಹಾಕಿದರೇ ಬರುವುದು, ಹಿಂದಿನ ಆರು ತಿಂಗಳದಷ್ಟೇ ಕೊಡುತ್ತಾರೆ. ತಡಮಾಡಿದರೆ ಆ ಹಣ ಹೋಯಿತು.

ಇನ್ನೆರಡು ವಿಷಯಗಳನ್ನು ನಮ್ಮಲ್ಲಿ ಯಾರೂ ಗುಂಪಿನಲ್ಲಿ ಕೇಳುವುದಿಲ್ಲ, ಮಾನ ಹೋಗುತ್ತದೆ ಎಂದು. ಮೊದಲನೆಯದು ಕೆಲಸ ಹೋಗುವುದು. ಕೆಲಸದಿಂದ ತೆಗೆದ ಪತ್ರ ಕೈಗೆ ಬಂದ ಮೂರು ದಿನದೊಳಗೆ ಸರ್ಕಾರಿ ಉದ್ಯೋಗ ಕಚೇರಿ ಆಗೆಂಟೂರ್ ಫ್ಯೂರ್ ಆರ್ಬೈಟ್‌ನಲ್ಲಿ ಕೆಲಸ ಹುಡುಕುವವರೆಂದು ಹೆಸರು ಬರೆಸಿ. ಕೋರ್ಟಿನಲ್ಲಿ ಪ್ರಶ್ನಿಸಬೇಕೆಂದರೆ ಮೂರು ವಾರ ಮಾತ್ರ ಸಮಯ. ವೀಸಾ ಕಚೇರಿಗೆ ಎರಡು ವಾರದೊಳಗೆ ತಿಳಿಸಬೇಕು. ‘ಪರಸ್ಪರ ಒಪ್ಪಿಗೆಯಿಂದ ಬಿಡುತ್ತೇನೆ’ ಎಂಬ ಔಫ್‌ಹೇಬುಂಗ್ಸ್‌ಫೆರ್ಟ್ರಾಗ್‌ಗೆ ಅಲ್ಲೇ ಕೂತು ಸಹಿ ಹಾಕಬೇಡಿ. ನಿರುದ್ಯೋಗ ಭತ್ಯೆ ಹನ್ನೆರಡು ವಾರದವರೆಗೆ ನಿಂತುಹೋಗಬಹುದು. ಮನೆಗೆ ತಂದು, ‘ಫೇರೆ ಇಂಟೆಗ್ರಾಸಿಯೋನ್’ ಎಂಬ ಉಚಿತ ಸಲಹಾ ಕೇಂದ್ರದವರಿಗೆ ಅಥವಾ ವಕೀಲರಿಗೆ ತೋರಿಸಿ. ಎರಡನೆಯದು ಮನೆಯೊಳಗಿನ ಹಿಂಸೆ. 116016 ಹಗಲು ರಾತ್ರಿ ಇರುವ ಮಹಿಳೆಯರ ಸಹಾಯವಾಣಿ, ಇಂಗ್ಲಿಷ್‌ನಲ್ಲೂ ಮಾತಾಡಬಹುದು, ಹೆಸರು ಹೇಳಬೇಕಿಲ್ಲ. ‘ನನ್ನ ವೀಸಾ ಗಂಡನ ಮೇಲಿದೆ, ಬಾಯಿ ಬಿಟ್ಟರೆ ದೇಶ ಬಿಡಬೇಕು’ ಎಂದು ಹೆದರಿ ಸಹಿಸಿಕೊಂಡು ಇರಬೇಡಿ. ಇಂಥ ಸಂದರ್ಭಕ್ಕೆಂದೇ ಇಲ್ಲಿನ ಕಾನೂನಿನಲ್ಲಿ ವಿನಾಯಿತಿ ಇದೆ, ಅದು ನಿಮಗೆ ಅನ್ವಯಿಸುತ್ತದೆಯೇ ಎಂದು ಸಲಹಾ ಕೇಂದ್ರದವರು ಹೇಳುತ್ತಾರೆ.

ಜಾಗ ಮುಗಿಯುತ್ತಾ ಬಂತು, ಸೂಚನೆಗಳು ಅವಸರದಲ್ಲಿ. ರಾಜ್ಯೋತ್ಸವ ನವೆಂಬರ್ ಎರಡನೇ ಶನಿವಾರ, ಮಧ್ಯಾಹ್ನ ಮೂರಕ್ಕೆ, ಕಳೆದ ವರ್ಷದ ಸಭಾಂಗಣದಲ್ಲೇ. ಮಕ್ಕಳ ನಾಡಗೀತೆ ಅಭ್ಯಾಸ ಅದರ ಹಿಂದಿನ ಎರಡು ಭಾನುವಾರ. ಊಟಕ್ಕೆ ಬಿಸಿಬೇಳೆಬಾತ್, ಮೊಸರನ್ನ, ಚಿರೋಟಿ. ತಟ್ಟೆ, ಲೋಟ ಮನೆಯಿಂದ ತಂದರೆ ಉಪಕಾರ. ಬೀಳ್ಕೊಡುಗೆಯೂ ಅಂದೇ. ಕನ್ನಡ ಕಲಿ ತರಗತಿಗೆ ಹೆಸರು ಕೊಡಲು ಅಕ್ಟೋಬರ್ 31 ಕಡೆಯ ದಿನ.

ಹೊಸಬರ ಪುಟಕ್ಕೆ ಇಬ್ಬರು ಬೇಕು. ಒಬ್ಬರು ತಿಂಗಳಿಗೊಮ್ಮೆ ಮೇಲಿನ ಸಂಖ್ಯೆ, ನಿಯಮಗಳನ್ನು ಆಯಾ ಇಲಾಖೆಯ ಪುಟದಲ್ಲಿ ನೋಡಿ ಸರಿಪಡಿಸುವವರು. ಇನ್ನೊಬ್ಬರು ಜರ್ಮನ್ ಬರುವವರು, ಅಪಾಯಿಂಟ್‌ಮೆಂಟ್‌ಗೆ ಹೊಸಬರ ಜೊತೆ ಹೋಗಿ ಪಕ್ಕದಲ್ಲಿ ಕೂರುವವರು. ತಿಂಗಳಿಗೆ ಒಂದು ಬೆಳಿಗ್ಗೆ ಕೊಟ್ಟರೂ ಸಾಕು. ಬೇಸಿಗೆಯಿಂದ ಕೇಳುತ್ತಾ ಇದ್ದೇವೆ, ಒಬ್ಬರೂ ಬಂದಿಲ್ಲ. ಈಗ ಇರುವವರ ಕೈ ಮೀರುತ್ತಿದೆ. ಗೆಳತಿ ಹೊರಡುವ ಮುಂಚೆ ಕೂತು ಎಲ್ಲವನ್ನೂ ಹೇಳಿಕೊಡಲು ಸಿದ್ಧರಿದ್ದಾರೆ, ನವೆಂಬರ್ ಮೂರನೇ ವಾರದವರೆಗೆ ಅವರಿಗೆ ಸಂಜೆ ಬಿಡುವಿದೆ. ಸಂಘದ ಮಿಂಚಂಚೆಗೆ ‘ಹೊಸಬರ ಪುಟ’ ಎಂದಷ್ಟೇ ಬರೆದು ಕಳಿಸಿ, ನಾವೇ ಫೋನ್ ಮಾಡುತ್ತೇವೆ.

— ಸಂಪಾದಕರು