ಎಂಜಿನ್ ಬಿಚ್ಚುವ ಮೊದಲು ಸದ್ದು ಎಲ್ಲಿಯದು ನೋಡಿ

ಮಾನ್ಯರೇ,

ಮಳೆಗಾಲ ಕಳೆದು ಅಡಿಕೆ ಕೊಯ್ಲು ಹತ್ತಿರ ಬಂದಂತೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಶೆಡ್ಡಿನಲ್ಲಿ ನಿಂತಿದ್ದ ಹಳೆಯ ಜೀಪು, ಪಿಕಪ್, ಓಮ್ನಿಗಳೆಲ್ಲ ರಸ್ತೆಗಿಳಿಯುತ್ತವೆ. ಕೆಲವಕ್ಕೆ ಹೊಸ ಸದ್ದೂ ಸೇರಿಕೊಂಡಿರುತ್ತದೆ. ಬಾನೆಟ್ ಎತ್ತಿ ಐದು ನಿಮಿಷ ಆಗುವುದರೊಳಗೆ ‘ಎಂಜಿನ್ ಹೋಗಿದೆ, ಇಳಿಸಿ ಬೋರ್ ಮಾಡಿಸಬೇಕು’ (ಸವೆದ ಸಿಲಿಂಡರನ್ನು ಕೊರೆದು ಸರಿಮಾಡಿಸಬೇಕು) ಎಂಬ ತೀರ್ಪು ಬರುವುದು ನಮ್ಮಲ್ಲಿ ಮಾಮೂಲು. ಒಂದೂ ಅಳತೆ ತೆಗೆಯದೆ ಕೊಡುವ ಈ ತೀರ್ಪನ್ನು ಮಾಲೀಕರು ಒಪ್ಪಬೇಕಾಗಿಲ್ಲ.

ಮೊದಲು ಆಯಿಲ್. ನಮ್ಮ ಕಡೆಯ ಅಂಗಳಗಳು ಹೆಚ್ಚಾಗಿ ಇಳಿಜಾರು. ಅಲ್ಲೇ ಡಿಪ್‌ಸ್ಟಿಕ್ ಎಳೆದರೆ ಮಟ್ಟ ಸರಿಯಾಗಿ ಸಿಗುವುದಿಲ್ಲ. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಆಫ್ ಮಾಡಿ, ಹತ್ತು ನಿಮಿಷ ಬಿಟ್ಟು ನೋಡಿ. ಹೆಚ್ಚಿನ ಕಾರುಗಳಲ್ಲಿ ಕೆಳಗಿನ ಗುರುತಿಗೂ ಮೇಲಿನದಕ್ಕೂ ಸುಮಾರು ಒಂದು ಲೀಟರ್ ಅಂತರ. ಮಳೆಗಾಲದಲ್ಲಿ ಎರಡು ಮೂರು ಕಿ.ಮೀ. ಓಡಿಸಿ ನಿಲ್ಲಿಸುವ ಗಾಡಿಗಳಲ್ಲಿ ಆಯಿಲ್ ಮುಚ್ಚಳದ ಒಳಗೆ ಬಿಳಿ-ಹಳದಿ ಜಿಡ್ಡು ಕಟ್ಟುತ್ತದೆ. ಅದನ್ನೇ ತೋರಿಸಿ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿಗೂ ಬ್ಲಾಕಿಗೂ ನಡುವಿನ ಪದರ) ಹೋಗಿ ಆಯಿಲಿಗೆ ನೀರು ಸೇರಿದೆ ಎನ್ನುವವರಿದ್ದಾರೆ. ಡಿಪ್‌ಸ್ಟಿಕ್ಕಿನ ಆಯಿಲ್ ಚೆನ್ನಾಗಿದ್ದು, ರೇಡಿಯೇಟರ್ ನೀರು ಕಡಿಮೆಯಾಗುತ್ತಿಲ್ಲವಾದರೆ ಅದು ಬರೀ ತೇವ, 20-30 ಕಿ.ಮೀ. ಒಂದೇ ಸಮ ಓಡಿಸಿದರೆ ಹೋಗುತ್ತದೆ. ಡಿಪ್‌ಸ್ಟಿಕ್ಕಿನ ಆಯಿಲ್ಲೇ ಹಾಲು ಕಾಫಿ ಬಣ್ಣಕ್ಕೆ ತಿರುಗಿದ್ದರೆ ಮಾತ್ರ ಸ್ಟಾರ್ಟ್ ಮಾಡಲೇಬೇಡಿ.

ಸದ್ದಿನ ಜಾಗ ಹಿಡಿಯಲು ಮೂರಡಿ ಉದ್ದದ ರಬ್ಬರ್ ಪೈಪು ಸಾಕು. ಒಂದು ತುದಿ ಕಿವಿಗೆ, ಇನ್ನೊಂದು ತುದಿಯನ್ನು ಹೆಡ್ಡು, ಡೈನಮೋ, ವಾಟರ್ ಪಂಪ್, ಹೊಗೆ ಹೊರಹೋಗುವ ಮ್ಯಾನಿಫೋಲ್ಡ್ ಹೀಗೆ ಒಂದೊಂದರ ಹತ್ತಿರ ಹಿಡಿಯಿರಿ. ಶಾಲು, ಲುಂಗಿ ಫ್ಯಾನಿನ ಹತ್ತಿರ ಬೇಡ.

ಮೇಲಿನಿಂದ ಬರುವ ಟಿಕ್ ಟಿಕ್ ಸದ್ದಿಗೆಲ್ಲ ವಾಲ್ವನ್ನು ಒತ್ತಿ ತೆರೆಸುವ ಟ್ಯಾಪೆಟ್ಟನ್ನೇ ದೂರುವುದು ರೂಢಿ. ಎಂಜಿನ್ ತಣ್ಣಗಿದ್ದು ಸ್ಟಾರ್ಟ್ ಮಾಡಿದಾಗ ಜೋರಾಗಿದ್ದು, ಬಿಸಿಯಾದಂತೆ ಕಡಿಮೆಯಾಗಿ, ಮ್ಯಾನಿಫೋಲ್ಡ್ ಹೆಡ್ಡಿಗೆ ಕೂರುವಲ್ಲಿ ಕಪ್ಪು ಮಸಿ ಕಂಡರೆ ಅದು ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಲೀಕ್. ಲೋಹ ಬಿಸಿಗೆ ಹಿಗ್ಗಿ ಸಂದು ಮುಚ್ಚುವುದರಿಂದ ಸದ್ದು ಅಡಗುತ್ತದೆ. ಟ್ಯಾಪೆಟ್ಟೇ ಆಗಿದ್ದರೆ ಸಂದು ಅಳೆಯುವ ತೆಳು ಪಟ್ಟಿ, ಅಂದರೆ ಫೀಲರ್ ಗೇಜ್ ಹಾಕಿ, ಗಾಡಿಯ ಪುಸ್ತಕದಲ್ಲಿರುವ ಅಳತೆಗೇ ಸೆಟ್ ಮಾಡಿಸಿ. ಆ ಅಳತೆ ತಣ್ಣಗಿರುವ ಎಂಜಿನ್ನಿಗೋ ಬಿಸಿಯದಕ್ಕೋ ಎಂಬುದನ್ನೂ ನೋಡಿ. ಸದ್ದು ಬರಬಾರದೆಂದು ಪೂರ್ತಿ ಬಿಗಿ ಮಾಡಿಸಿಕೊಳ್ಳುವವರು ಬಹಳ. ಸಂದೇ ಇಲ್ಲದಿದ್ದರೆ ಬಿಸಿಯಾದಾಗ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ, ಅಂಚು ಸುಟ್ಟುಹೋಗುತ್ತದೆ. ಸ್ವಲ್ಪ ಟಿಕ್ ಎನ್ನುವ ಟ್ಯಾಪೆಟ್ಟೇ ವಾಸಿ.

ಮುಂಭಾಗದಿಂದ ಗೊರಗೊರ ಸದ್ದು ಬಂದರೆ ಹೊರಗಿನ ಫ್ಯಾನ್ ಬೆಲ್ಟ್ ಕಳಚಿ ಅರ್ಧ ನಿಮಿಷ ಎಂಜಿನ್ ಓಡಿಸಿ. ಸದ್ದು ನಿಂತರೆ ಡೈನಮೋ ಅಥವಾ ವಾಟರ್ ಪಂಪಿನ ಬೇರಿಂಗ್. ಎಂಜಿನ್ ಒಳಗೆ ಏನೂ ಆಗಿಲ್ಲ. ನೀರು ತಿರುಗದ ಕಾರಣ ಅದಕ್ಕಿಂತ ಹೆಚ್ಚು ಹೊತ್ತು ಓಡಿಸಬಾರದು. ವಾಲ್ವ್‌ಗಳನ್ನು ನಡೆಸುವ ಟೈಮಿಂಗ್ ಬೆಲ್ಟಿಗೆ ಕೈ ಹಾಕಬೇಡಿ. ಕ್ಲಚ್ ತುಳಿದಾಗ ಮಾತ್ರ ಕಿರ್ ಎಂದರೆ ರಿಲೀಸ್ ಬೇರಿಂಗ್. ತುಳಿದಾಗ ಸದ್ದು ನಿಂತು ಬಿಟ್ಟಾಗ ಬಂದರೆ ಗೇರ್‌ಬಾಕ್ಸ್ ನೋಡಿಸಿ.

ಹಳೆಯ ಪಂಪಿನ ಡೀಸೆಲ್ ಗಾಡಿಗಳಲ್ಲಿ ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ನಾಜಲ್ ಕೆಟ್ಟಾಗ ಬರುವ ಬಡಿತವನ್ನು ಬೇರಿಂಗ್ ಬಡಿತವೆಂದು ಎಣಿಸುವುದು ದೊಡ್ಡ ದುಬಾರಿ ತಪ್ಪು. ಐಡಲಿಂಗಿನಲ್ಲಿ ಒಂದೊಂದೇ ನಾಜಲ್ ಪೈಪಿನ ನಟ್ಟನ್ನು ಅರ್ಧ ಸುತ್ತು ಸಡಿಲಿಸಿ, ಬಟ್ಟೆ ಅಡ್ಡ ಹಿಡಿದು, ಯಾವುದರಲ್ಲಿ ಸದ್ದು ಇಳಿಯುತ್ತದೆ ನೋಡಬೇಕು. ಬೇರಿಂಗ್ ಸವೆದಿದ್ದರೂ ಹೀಗೆ ಮಾಡಿದಾಗ ಸದ್ದು ಇಳಿಯುತ್ತದೆ, ಇಷ್ಟಕ್ಕೇ ನಿಲ್ಲಬಾರದು. ಆ ನಾಜಲನ್ನು ಪಕ್ಕದ ಸಿಲಿಂಡರಿಗೆ ಅದಲು ಬದಲು ಮಾಡಿ. ಸದ್ದು ನಾಜಲ್ ಜೊತೆ ಹೋದರೆ ನಾಜಲ್ ಟೆಸ್ಟಿಂಗಿಗೆ ಕೊಡಿ, ಅಲ್ಲೇ ಉಳಿದರೆ ಎಂಜಿನ್ನಿನ ಕೆಳಭಾಗದ (ಬೇರಿಂಗ್) ಕೆಲಸ. ಕಾಮನ್ ರೈಲ್ (ಎಲ್ಲ ನಾಜಲ್‌ಗಳಿಗೂ ಒಂದೇ ಪೈಪಿನಿಂದ ಡೀಸೆಲ್ ಹೋಗುವ ಹೊಸ ಬಗೆ) ಡೀಸೆಲ್‌ಗಳಲ್ಲಿ ಈ ನಟ್ಟು ಖಂಡಿತಾ ಮುಟ್ಟಬಾರದು. ಅದರ ಪೈಪಿನಲ್ಲಿ ಸಾವಿರ ಬಾರ್ ದಾಟುವ ಒತ್ತಡವಿರುತ್ತದೆ, ಡೀಸೆಲ್ ಚರ್ಮ ತೂರಿ ಒಳಹೋಗುತ್ತದೆ.

ಪೆಟ್ರೋಲ್ ಗಾಡಿ ಆಗುಂಬೆ ಅಥವಾ ಹುಲಿಕಲ್ ಘಾಟಿ ಏರುವಾಗ ಗಲಗಲ ಎಂದರೆ ಒಂದು ಗೇರ್ ಇಳಿಸಿ. ಆಗಲೂ ಬಂದರೆ ಪ್ಲಗ್ ಕಿಡಿ ಹಾರಿಸುವ ಟೈಮಿಂಗ್ ಮುಂದಾಗಿದೆ, ಇಲ್ಲವೇ ಪಿಸ್ಟನ್ ಮೇಲೆ ಕಾರ್ಬನ್ ಕಟ್ಟಿದೆ.

ನಿಜಕ್ಕೂ ಹೆದರಬೇಕಾದ್ದು ಆಳದಿಂದ ಬರುವ ದಪ್ಪ ಬಡಿತಕ್ಕೆ. ಎಂಜಿನ್ ಬಿಸಿಯಾದಷ್ಟೂ, ಎಕ್ಸಲರೇಟರ್ ಒತ್ತಿದಷ್ಟೂ ಅದು ಹೆಚ್ಚುತ್ತದೆ, ಐಡಲಿಂಗಿನಲ್ಲಿ ಆಯಿಲ್ ದೀಪ ಮಿಣುಕುತ್ತದೆ. ‘ಹೇಗೋ ಶಿವಮೊಗ್ಗ ಮುಟ್ಟಿಸೋಣ’ ಎನ್ನದೆ ಅಲ್ಲೇ ನಿಲ್ಲಿಸಿ, ಕಟ್ಟಿ ಎಳೆಸಿ. ಆಗಲೇ ನಿಲ್ಲಿಸಿದರೆ ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕನ್ನು 0.25 ಮಿ.ಮೀ. ಗ್ರೈಂಡ್ ಮಾಡಿಸಿ ಅಂಡರ್‌ಸೈಜ್ ಬೇರಿಂಗ್ ಹಾಕಿಸುವುದರಲ್ಲಿ ಮುಗಿಯಬಹುದು. ಓಡಿಸಿದರೆ ಪಿಸ್ಟನ್ನಿಗೂ ಕ್ರ್ಯಾಂಕಿಗೂ ನಡುವಿನ ಕನೆಕ್ಟಿಂಗ್ ರಾಡ್ ಬ್ಲಾಕ್ ಒಡೆದು ಹೊರಬರಬಹುದು.

ಸೆಕೆಂಡ್ ಹ್ಯಾಂಡ್ ಗಾಡಿ ನೋಡಲು ಹೋದಾಗ ಬಾನೆಟ್ ಮುಟ್ಟಿ ನೋಡಿ. ಬಿಸಿಯಿದ್ದರೆ ತಣ್ಣಗಿದ್ದಾಗಿನ ಸದ್ದು ನಿಮಗೆ ಕೇಳುವುದಿಲ್ಲ, ಇನ್ನೊಂದು ದಿನ ಬೆಳಿಗ್ಗೆ ಹೋಗಿ. ಸದ್ದು ಮುಚ್ಚಲು ಮಂದ ಆಯಿಲ್ ಸುರಿಯುವುದೂ ಮಾರುವವರ ಹಳೆಯ ವಿದ್ಯೆ.

ಗ್ಯಾರೇಜಿನವರಲ್ಲಿ ಕೇಳಿಕೊಳ್ಳುವುದಿಷ್ಟೇ. ಪೆಟ್ರೋಲ್ ಎಂಜಿನ್ ಬಿಚ್ಚುವ ಮೊದಲು ಎಲ್ಲ ಪ್ಲಗ್ ತೆಗೆದು ಕಂಪ್ರೆಷನ್ (ಸಿಲಿಂಡರಿನಲ್ಲಿ ಗಾಳಿ ಒತ್ತಿದಾಗ ಬರುವ ಒತ್ತಡ) ನೋಡಿ. ಯಾವುದಾದರೂ ಸಿಲಿಂಡರಿನಲ್ಲಿ ಕಡಿಮೆ ಬಂದರೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿ: ಏರಿದರೆ ಪಿಸ್ಟನ್ ರಿಂಗ್ ಇಲ್ಲವೇ ಬೋರ್, ಏರದಿದ್ದರೆ ವಾಲ್ವ್ ಇಲ್ಲವೇ ಹೆಡ್ ಗ್ಯಾಸ್ಕೆಟ್. ಆ ಅಂಕಿಗಳನ್ನೂ ಆಯಿಲ್ ಪ್ರೆಶರನ್ನೂ ಬಿಲ್ಲಿನ ಮೇಲೆ ಬರೆದುಕೊಡಿ, ಬಿಚ್ಚಿದ ಹಳೆಯ ರಿಂಗ್, ಬೇರಿಂಗ್‌ಗಳನ್ನು ಮಾಲೀಕರ ಕೈಗೆ ಕೊಡಿ. ಕೇಳಿದರೆ ಮುಖ ಗಂಟಿಕ್ಕುವ ಗ್ಯಾರೇಜಿಗೆ ಬೋರ್ ಕೆಲಸ ಕೊಡದಿರುವುದೇ ಲೇಸು.

– ಒಬ್ಬ ಮೆಕ್ಯಾನಿಕ್, ತೀರ್ಥಹಳ್ಳಿ