ಬಾಟಲಿಗೆ ಹೋಗೂ ತತ್ತಿ

ದೋಸ್ತ,

ಗದಗಿಗೆ ಹೋದ ಮ್ಯಾಲೆ ಫೋನ್ ಎತ್ತೂದೇ ಬಿಟ್ಟಿ. ಅದಕ್ಕ ಹುಬ್ಬಳ್ಳಿ ಮಂದಿ ಎಲ್ಲಾ ಓದೂ ಹಂಗ ಇಲ್ಲೇ ಬರಿಯಾಕತ್ತೀನಿ. ನನ್ನ ಹತ್ರ ಉಳದ ನಿನ್ನ ಸ್ಟೀಲ್ ಡಬ್ಬಿ ಸುದ್ದಿ ಈಗ ಎತ್ತೂದಿಲ್ಲ, ಹೆದರಬ್ಯಾಡ.

ಆಪರೇಷನ್ ಆದವನ ಮೈಗೆ ಊಟ ಸಾಲತೈತೋ ಇಲ್ಲೋ ಹೆಂಗ ತಿಳಿಯೂದು, ಏನು ತಿನಸೂದು ಅಂತ ನೀ ಕೇಳಿದ್ದಕ್ಕ ಬರ್ತೀನಿ. ಶಿಶ್ನದ ಕ್ಯಾನ್ಸರಿಗೆ ಎರಡೂ ತೊಡಿಸಂದಿಯ ಲಿಂಫ್ ನೋಡ್ (ದುಗ್ಧರಸದ ಗಂಟು) ತಗಸಿಕೊಂಡವಗ ರಕ್ತದಾಗಿನ ಅಲ್ಬುಮಿನ್ ಅನ್ನೂ ಪ್ರೋಟೀನ್ 2.4ಕ್ಕ ಇಳೀತಂತ ಅಲ್ಬುಮಿನ್ ಬಾಟಲಿ ಏರಿಸಾಕ ಹೋಗಬ್ಯಾಡ. ಆಪರೇಷನ್ ಆದ ಮೈಯಾಗ ಉರಿಯೂತ ಇರೂತನಾ ಅದು ಇಳಿಯೂದೇ, ಊಟದ ಅಳತಿ ಅದಲ್ಲ. ತೂಕಾನೂ ನಂಬಬ್ಯಾಡ, ಸಲೈನ್ ಹೋದಂಗ ಏರತೈತಿ. ಮೀನಖಂಡದ ಸುತ್ತಳತಿ ಬ್ಯಾರೆಯವರಿಗೆ ಚಲೋ, ಇವಂದು ದುಗ್ಧರಸ ನಿಂತು ಕಾಲೇ ಬಾತಿರತೈತಿ. ಉಳಿದದ್ದು ಕೈಹಿಡಿತ. ಆಪರೇಷನ್ನಿಗೆ ಮೊದಲೊಮ್ಮೆ, ಆಮ್ಯಾಲೊಮ್ಮೆ ಡೈನಮೋಮೀಟರ್ ಹಿಂಡಸು. ಗಂಡಸಿಗೆ 28 ಕೆ.ಜಿ.ಗಿಂತ ಕಡಿಮಿ ಬಂದ್ರ ಸ್ನಾಯು ಸೋತಾವಂತ ತಿಳಿ.

ಇನ್ನ ಡ್ರೇನ್, ಅಂದ್ರ ಗಾಯದಾಗ ಕೂಡೂ ನೀರನ್ನ ಬಾಟಲಿಗೆ ಇಳಿಸೂ ನಳಿಗಿ. ದಿನಕ್ಕ 300 ಮಿ.ಲೀ. ಬರಾಕತ್ತಿದ್ರ ಅದರಾಗ ಸುಮಾರು 6ರಿಂದ 9 ಗ್ರಾಂ ಪ್ರೋಟೀನ್ ಹೋಗತೈತಿ. ದಿನಾ ಒಂದು ತತ್ತಿ ಬಾಟಲಿಗೆ ಹಾಕಿದಂಗ. 50 ಕೆ.ಜಿ. ಮನಷ್ಯಾಗ ಕೆ.ಜಿ.ಗೆ 1.5 ಗ್ರಾಂನಂಗ 75 ಗ್ರಾಂ ಬೇಕು. ಮನಿಯವರು ಕುಡಸೂದು ಗಂಜಿ, ತಿಳಿಸಾರು, ಎಳನೀರು. ಬ್ಯಾಳಿ ತಿಂದ್ರ ಕೀವಾಗತೈತಂತ, ಅದನ್ನೂ ಬಿಡಿಸಿರ್ತಾರ. ಗಾಯ ಕೂಡಬೇಕಂದ್ರ ಬೇಕಾದದ್ದೇ ಅದು. ಅದಾ ಗಂಜಿಗೆ 30 ಗ್ರಾಂ ಕೆನಿ ತಗದ ಹಾಲಿನಪುಡಿ ಕಲಸಿದ್ರ 10 ಗ್ರಾಂ ಪ್ರೋಟೀನ್ ಬಂತು. ಗಟ್ಟಿ ಹೆಸರಬ್ಯಾಳಿ, ಶೇಂಗಾ ಚಟ್ನಿ, ಹಾಲಾಗ ಮುರದ ರೊಟ್ಟಿ, ದಿನಕ್ಕ ಆರು ಸಲ, ಸಣ್ಣ ಸಣ್ಣ ಬಟ್ಟಲು. ಹತ್ತು ದಿನ ಏನೂ ತಿಂದಿಲ್ಲಂದ್ರ ಮಾತ್ರ ಅವಸರ ಮಾಡಬ್ಯಾಡ. ಮೊದಲ ಥಯಾಮಿನ್ (ಬಿ1 ವಿಟಮಿನ್) ಕೊಟ್ಟು, ರಕ್ತದಾಗಿನ ಫಾಸ್ಫೇಟ್, ಪೊಟ್ಯಾಸಿಯಂ ನೋಡಿಕೋತ ಊಟ ನಿಧಾನಕ್ಕ ಏರಸು, ಇಲ್ಲಾಂದ್ರ ಹೃದಯಕ್ಕ ಏಟು.

ಇಷ್ಟ ಬರದು ಮುಗಸಾಂವ ಇದ್ದೆ. ಫೈಲಿನ್ಯಾಗ ‘ಊಟ ಸಾಕಷ್ಟು’ ಅಂತ ಬರಿತೀವಲ್ಲ, ಎಷ್ಟು ರೊಟ್ಟಿ ಅಂತ ಕೇಳಬೇಕಂದ್ರ ಕಾಟಿನ ಬಾಜೂಕ ಕೂಡಬೇಕು. ಗಂಟಲ ಕ್ಯಾನ್ಸರಿನವನ ಹತ್ರ ಕೂಡತೀನಿ, ಹತ್ತು ಪ್ರಶ್ನೆ ಕೇಳತೀನಿ. ಇವನ ಹತ್ರ ಎರಡು ಕೇಳಿ, ಹೊದಿಕಿ ಸರಿ ಮಾಡಿ ಮುಂದಿನ ಕಾಟಿಗೆ ಹೊಂಟಬಿಡತೀನಿ. ನಾಚಿಕಿಗೆ ತಡಾ ಮಾಡಿ ಬರ್ತಾರಂತ ಪೇಷಂಟಿಗೆ ಬೈತೀವಿ. ನಾಚಕೊಳ್ಳಾಂವ ಅವನೊಬ್ಬನ ಅಲ್ಲ, ದೋಸ್ತ.

ಇರಲಿ ಬಿಡು. ಡೈನಮೋಮೀಟರ್ ನಾನೂ ಹಿಂಡಿ ನೋಡಿದೆ, 26. ಹಲ್ಲು ಕಚ್ಚಿ ಹಿಂಡಿದ ಮೂರನೇ ಸಲಕ್ಕ 27. ನಕ್ಕಿ ಅಂದ್ರ ಡಬ್ಬಿ ವಾಪಸ್ ಕೊಡಾಂವ ಅಲ್ಲ.

ನಿನ್ನ
ಹುಬ್ಬಳ್ಳಿ ಪೈಲ್ವಾನ