ರೀಸೈಕಲ್ ಆಗಿದ್ದು ಎಷ್ಟು ಅಂತ ಅಳೆಯೋದನ್ನ ಕಾಲೇಜಲ್ಲಿ ಕಲಿಸಿ

ಮಾನ್ಯ ಸಂಪಾದಕರೇ,

ನಾನು ತುಮಕೂರು ಕಡೆ ಒಂದು ಪದವಿ ಕಾಲೇಜಿನಲ್ಲಿ ಕೆಮಿಸ್ಟ್ರಿ ಹೇಳಿಕೊಡ್ತೀನಿ. ಹೋದ ತಿಂಗಳು ಪಕ್ಕದ ಊರಲ್ಲಿ ಕಸ ವಿಲೇವಾರಿ ಬಗ್ಗೆ ಒಂದು ಕಾರ್ಯಕ್ರಮಕ್ಕೆ ಕರೆದಿದ್ರು, ವೇದಿಕೆ ಹಿಂದಿನ ಬ್ಯಾನರ್ ಮೇಲೆ ನಮ್ಮೂರಿನ ಒಣಕಸದಲ್ಲಿ ಇಷ್ಟು ಪರ್ಸೆಂಟ್ ರೀಸೈಕಲ್ ಆಗ್ತಿದೆ ಅಂತ ದೊಡ್ಡ ಅಕ್ಷರದಲ್ಲಿ ಹಾಕಿದ್ರು. ಊಟದ ಹೊತ್ತಲ್ಲಿ ನಾನು ಕೇಳಿದೆ, ಸರ್ ಈ ತೂಕ ಹಾಕಿದ್ದು ಎಲ್ಲಿ, ಟಿಪ್ಪರ್ ಬಂದಾಗ್ಲೋ, ವಿಂಗಡಣೆ ಆದ್ಮೇಲೋ, ಫ್ಯಾಕ್ಟರಿ ಬಾಗಿಲಲ್ಲೋ ಅಂತ. ಒಬ್ರು ಟ್ರಿಪ್ ಲೆಕ್ಕ ಅಂದ್ರು, ಇನ್ನೊಬ್ರು ಮಾರಿದ ಬಿಲ್ ಲೆಕ್ಕ ಅಂದ್ರು, ಮೂರನೆಯವರು ಹೋದ ವರ್ಷದ್ದಕ್ಕೆ ಸ್ವಲ್ಪ ಸೇರಿಸಿದೀವಿ ಮೇಡಂ ಅಂದ್ರು. ಅವರನ್ನ ದೂರೋಕೆ ಇದನ್ನ ಬರೀತಿಲ್ಲ. ಅಳೆಯೋದು ಹೇಗೆ ಅಂತ ಅವರಿಗೆ ಯಾರೂ ಕಲಿಸಿಲ್ಲ, ಕಲಿಸಬೇಕಾಗಿದ್ದೋರು ನಾವು ಕಾಲೇಜಿನೋರು, ಅದಕ್ಕೇ ಈ ಪತ್ರ.

ತೂಕ ಹಾಕೋ ಜಾಗ ಬದಲಾದ್ರೆ ಲೆಕ್ಕ ಎಷ್ಟು ಬದಲಾಗುತ್ತೆ ನೋಡಿ. ಸುಮ್ನೆ ಉದಾಹರಣೆಗೆ, ಒಣಕಸ ಕೇಂದ್ರಕ್ಕೆ 100 ಕೆಜಿ ಬಂತು ಅಂತ ಇಟ್ಕೊಳ್ಳಿ. ಅದರಲ್ಲಿ ಮಳೆನೀರು, ಬಾಟಲಿ ಒಳಗೆ ಉಳಿದ ಜ್ಯೂಸು, ರಟ್ಟಿಗೆ ಅಂಟಿದ ಮಣ್ಣು ಎಲ್ಲಾ ಸೇರಿರುತ್ತೆ. ವಿಂಗಡಿಸಿ ಆಯ್ದು ಕಟ್ಟಿದ ಬೇಲು 70 ಕೆಜಿ. ಫ್ಯಾಕ್ಟರಿಯಲ್ಲಿ ತೊಳೆದು ಮುಚ್ಚಳ, ಲೇಬಲ್ಲು, ಕೊಳೆ ತೆಗೆದ್ರೆ 58 ಕೆಜಿ. ಈಗ ಬ್ಯಾನರ್ ಮೇಲೆ 100 ಅಂತಲೂ ಬರೀಬಹುದು 70 ಅಂತಲೂ ಬರೀಬಹುದು 58 ಅಂತಲೂ ಬರೀಬಹುದು, ಯಾರೂ ಸುಳ್ಳು ಹೇಳಿದ ಹಾಗಾಗಲ್ಲ, ಆದ್ರೆ ಓದೋ ಜನಕ್ಕೆ ಮೂರೂ ಒಂದೇ ಮಾತು ಅನ್ಸುತ್ತೆ.

ಯುರೋಪಿನವರೂ ಈ ಗೊಂದಲದಲ್ಲೇ ಇದ್ರು. ಮೊದಲು ಅಲ್ಲಿನ ದೇಶಗಳಿಗೆ ನಾಲ್ಕು ಬೇರೆ ಬೇರೆ ವಿಧಾನದಲ್ಲಿ ಯಾವುದನ್ನ ಬೇಕಾದ್ರೂ ಆರಿಸ್ಕೊಳ್ಳೋ ಅವಕಾಶ ಇತ್ತು, ಹಂಗಾಗಿ ಒಂದು ದೇಶದ ನಂಬರ್ ಇನ್ನೊಂದಕ್ಕೆ ಹೋಲಿಸೋಕೇ ಆಗ್ತಿರಲಿಲ್ಲ. 2018ರಲ್ಲಿ ಕಾನೂನು ತಿದ್ದಿ ಊರು ಕಸದಲ್ಲಿ 2025ಕ್ಕೆ 55%, 2030ಕ್ಕೆ 60%, 2035ಕ್ಕೆ 65% ರೀಸೈಕಲ್ ಆಗಬೇಕು ಅಂತ ಗುರಿ ಇಟ್ರು, ಅದರ ಮರುವರ್ಷ ತೂಕ ಎಲ್ಲಿ ಹಾಕಬೇಕು ಅಂತ ನಿಯಮ ಬರೆದ್ರು. ವಿಂಗಡಣೆ ಎಲ್ಲಾ ಮುಗಿದು, ಮಾಲು ನಿಜವಾಗಿ ರೀಸೈಕಲ್ ಮಾಡೋ ಯಂತ್ರಕ್ಕೆ ಹೋಗೋ ಜಾಗದಲ್ಲಿ ಎಷ್ಟಿದೆಯೋ ಅಷ್ಟೇ ಲೆಕ್ಕ. ಸುಟ್ಟು ಶಾಖ ತೆಗೆದಿದ್ದನ್ನ ರೀಸೈಕಲ್ ಅನ್ನೋ ಹಾಗಿಲ್ಲ. ನಮ್ಮಲ್ಲಿ ಚಿಪ್ಸ್ ಪ್ಯಾಕೆಟ್ಟಿನ ಥರದ್ದು, ಅಂದ್ರೆ ಎಂಎಲ್‌ಪಿ ಅನ್ನೋ ಹಲವು ಪದರದ ಪ್ಲಾಸ್ಟಿಕ್, ಕಲಬುರಗಿ ಕಡೆ ಸಿಮೆಂಟ್ ಫ್ಯಾಕ್ಟರಿಗೆ ಹೋಗಿ ಕಲ್ಲಿದ್ದಲ ಬದಲು ಉರಿಯುತ್ತೆ. ಅದು ಕಸದ ಗುಂಡಿಗೆ ಹೋಗೋದಕ್ಕಿಂತ ವಾಸಿ ಅಂತ ನಾನೂ ಒಪ್ತೀನಿ, ಆದ್ರೆ ಉರಿದಿದ್ದು ಉರಿದಿದ್ದೇ, ಅದನ್ನ ಬೇರೆ ಕಾಲಮ್ಮಲ್ಲೇ ಬರೀಬೇಕು.

ಅದೇ ಯುರೋಪಿಂದು ಇನ್ನೊಂದು ಲೆಕ್ಕ ನಾನು ಕ್ಲಾಸಲ್ಲಿ ಯಾವಾಗ್ಲೂ ಹೇಳ್ತೀನಿ. ಅಲ್ಲಿ ಊರು ಕಸದಲ್ಲಿ ರೀಸೈಕಲ್ ಆಗೋದು ಸುಮಾರು 48%. ಆದ್ರೆ ಅವರು ಬಳಸೋ ಒಟ್ಟು ವಸ್ತುಗಳಲ್ಲಿ, ಕಲ್ಲು ಮರಳು ಕಬ್ಬಿಣ ಪೆಟ್ರೋಲು ಎಲ್ಲಾ ಸೇರಿ, ಹಳೇದರಿಂದ ವಾಪಸ್ ಬಂದಿದ್ದು ಎಷ್ಟು ಅಂತ ನೋಡಿದ್ರೆ ಬರೀ 12% ಹತ್ರ. ಮೇಲಿನ ನಂಬರಿಗಿಂತ ಕೆಳಗೆ ಯಾವುದರಿಂದ ಭಾಗಿಸ್ತೀವಿ ಅನ್ನೋದೇ ಮುಖ್ಯ, ಸರ್ಕ್ಯುಲರ್ ಎಕಾನಮಿ, ಅಂದ್ರೆ ಬಳಸಿದ್ದನ್ನೇ ಮತ್ತೆ ಮತ್ತೆ ಬಳಸೋ ಆರ್ಥಿಕತೆ, ಅಂತ ಭಾಷಣ ಮಾಡೋ ಮುಂಚೆ ಇದು ಗೊತ್ತಿರಬೇಕು.

ನಮ್ಮಲ್ಲಿ ಭಾಗಿಸೋ ಸಂಖ್ಯೆ ಇನ್ನೂ ಕಷ್ಟ. ಯಾಕಂದ್ರೆ ಒಳ್ಳೆ ಮಾಲು ಟಿಪ್ಪರ್‌ಗೆ ಬರೋದೇ ಇಲ್ಲ, ಪೇಪರ್ರು, ಕಬ್ಬಿಣ, ಬಿಯರ್ ಬಾಟಲಿ ಮನೆಯಿಂದ ಸೀದಾ ಗುಜರಿಗೆ ಹೋಗುತ್ತೆ, ಬೀದಿಯಲ್ಲಿ ಬಿದ್ದಿದ್ದನ್ನ ಚಿಂದಿ ಆಯೋರು ತಗೊಂಡು ಹೋಗ್ತಾರೆ. ಇದ್ಯಾವುದೂ ಪಾಲಿಕೆ ಪುಸ್ತಕದಲ್ಲಿ ಇಲ್ಲ. ಸೇರಿಸೋಣ ಅಂತ ಹೋದ್ರೆ ಸಣ್ಣ ಗುಜರಿಯವನು ತೂಗಿ ದೊಡ್ಡ ಗೋಡೌನಿಗೆ ಕೊಡ್ತಾನೆ, ಅವನು ಮತ್ತೆ ತೂಗಿ ಫ್ಯಾಕ್ಟರಿಗೆ ಕಳಿಸ್ತಾನೆ, ಮೂರೂ ಕಡೆ ಬರ್ಕೊಂಡ್ರೆ ಒಂದೇ ರಟ್ಟಿನ ಪೆಟ್ಟಿಗೆ ಮೂರು ಸಲ ರೀಸೈಕಲ್ ಆಗಿಬಿಡುತ್ತೆ. ಬೆಂಗಳೂರಲ್ಲಿ 2011ರಲ್ಲೇ ಬಿಬಿಎಂಪಿ ಚಿಂದಿ ಆಯೋರಿಗೆ ಗುರುತಿನ ಚೀಟಿ ಕೊಟ್ಟಿತ್ತು, 2016ರ ಘನತ್ಯಾಜ್ಯ ನಿಯಮದಲ್ಲೂ ಅವರ ಹೆಸರು ಬಂತು. ಅವರ ಕೆಲಸ ಲೆಕ್ಕಕ್ಕೂ ಬರಬೇಕು ಅನ್ನೋದು ನನ್ನ ಆಸೆ, ಅದು ದಯೆಯ ಮಾತಲ್ಲ, ಅದಿಲ್ದೇ ನಂಬರ್ರೇ ತಪ್ಪು.

ನಂಬರ್ ತಪ್ಪಾದ್ರೆ ಏನಾಗುತ್ತೆ ಅಂತ ಕೇಳೋರಿದ್ದಾರೆ. 2022ರಿಂದ ಪ್ಲಾಸ್ಟಿಕ್ ಪ್ಯಾಕಿಂಗ್ ಬಳಸೋ ಕಂಪನಿಗಳು ರೀಸೈಕಲ್ ಮಾಡಿಸಿದ ಸರ್ಟಿಫಿಕೇಟ್ ತೋರಿಸಬೇಕು, ಅದನ್ನ ರೀಸೈಕಲ್ ಘಟಕಗಳು ಕಂಪನಿಗಳಿಗೆ ಮಾರ್ತವೆ, ಹಂಗಾಗಿ ಸರ್ಟಿಫಿಕೇಟಿಗೆ ದುಡ್ಡಿದೆ. 2023ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ತಪಾಸಣೆ ಮಾಡಿದಾಗ ಬೆರಳೆಣಿಕೆಯಷ್ಟು ಘಟಕಗಳಿಂದಲೇ ಸುಮಾರು 6 ಲಕ್ಷ ಸುಳ್ಳು ಸರ್ಟಿಫಿಕೇಟ್ ಸಿಕ್ವು. ಗಟ್ಟಿ ಪ್ಲಾಸ್ಟಿಕ್ ಪ್ಯಾಕಿಂಗಲ್ಲಿ 2025-26ರಿಂದ 30%, 2028-29ಕ್ಕೆ 60% ರೀಸೈಕಲ್ ಆದ ಪ್ಲಾಸ್ಟಿಕ್ ಇರಬೇಕು ಅಂತಲೂ ನಿಯಮ ಇದೆ. ಒಂದು ಬಾಟಲಿ ತಂದು ಲ್ಯಾಬಲ್ಲಿ ಇಟ್ರೆ ಅದರಲ್ಲಿ ಎಷ್ಟು ಭಾಗ ಹಳೇದು ಅಂತ ಖಡಾಖಂಡಿತ ಹೇಳೋದು ಸುಲಭ ಅಲ್ಲ, ಹಳೇದರಲ್ಲೂ ಹೊಸದರಲ್ಲೂ ಇರೋದು ಅದೇ ಅಣು ತಾನೇ. ಹಾಗಾಗಿ ಮಾಲು ಬಂದ ದಾರಿಯಲ್ಲಿ ಪ್ರತಿ ಹಂತದಲ್ಲೂ ತೂಕ ತಾಳೆ ನೋಡೋರು ಬೇಕು, ಅಂಥ ಕೆಲಸ ಬರೋ ಹುಡುಗರು ನಮ್ಮ ಜಿಲ್ಲೆಗಳಲ್ಲಿ ಎಷ್ಟು ಜನ ಇದಾರೆ?

ಕಲಿಸೋಕೆ ದೊಡ್ಡ ಯಂತ್ರ ಏನೂ ಬೇಡ. ಒಳಗೆ ಹೋಗಿದ್ದು ಹೊರಗೆ ಬಂದಿದ್ದಕ್ಕೂ ಒಳಗೇ ಉಳಿದಿದ್ದಕ್ಕೂ ಸಮ ಇರಬೇಕು, ಹೈಸ್ಕೂಲಲ್ಲಿ ಕಲಿಸೋ ದ್ರವ್ಯರಾಶಿ ಸಂರಕ್ಷಣೆ ನಿಯಮವೇ ಇದಕ್ಕೆ ತಳಪಾಯ. ಇದನ್ನೇ ಊರಿಗೆ, ಜಿಲ್ಲೆಗೆ ಹಚ್ಚಿ ಲೆಕ್ಕ ಹಾಕೋಕೆ ವಿಯೆನ್ನಾದ ತಾಂತ್ರಿಕ ವಿಶ್ವವಿದ್ಯಾಲಯದವರು ಸ್ಟಾನ್ ಅನ್ನೋ ಸಾಫ್ಟ್‌ವೇರ್ ಮಾಡಿದಾರೆ, ಉಚಿತವಾಗಿ ಸಿಗುತ್ತೆ, ಪ್ರತಿ ಅಂಕಿಯಲ್ಲಿ ಎಷ್ಟು ತಪ್ಪಿರಬಹುದು ಅಂತಲೂ ಅದರಲ್ಲಿ ಬರೀಬಹುದು. ಸ್ಯಾಂಪಲ್ ತೆಗೆಯೋದಕ್ಕೆ ಹಳೇ ವಿಧಾನ ಇದೆ, ಕಸದ ರಾಶಿ ಚೆನ್ನಾಗಿ ಕಲಸಿ ನಾಲ್ಕು ಪಾಲು ಮಾಡಿ, ಎದುರುಬದುರು ಎರಡು ಪಾಲು ತೆಗೆದುಹಾಕಿ, ಉಳಿದಿದ್ದನ್ನ ಮತ್ತೆ ಕಲಸಿ ಮತ್ತೆ ನಾಲ್ಕು ಮಾಡೋದು, ಕೈಗೆ ಸಿಗೋಷ್ಟು ಆಗೋತನಕ. ತೇವಾಂಶಕ್ಕೆ ಒಂದು ಓವನ್ ಸಾಕು. ಮಳೆಗಾಲದಲ್ಲಿ ಒಂದು ಸಲ ಬೇಸಿಗೆಯಲ್ಲಿ ಒಂದು ಸಲ ಮಾಡಬೇಕು, ಇಲ್ಲಾಂದ್ರೆ ರಟ್ಟಿನ ತೂಕದಲ್ಲಿ ನೀರನ್ನೂ ತೂಗ್ತೀವಿ.

ಇನ್ನು ಗುರುಗಳು. ಹೋದ ವರ್ಷ ನಮ್ಮ ವಿದ್ಯಾರ್ಥಿಗಳನ್ನ ಒಂದು ಒಣಕಸ ಕೇಂದ್ರಕ್ಕೆ ಕರ್ಕೊಂಡು ಹೋಗಿದ್ದೆ. ಅಲ್ಲಿ ವಿಂಗಡಣೆ ಮಾಡೋ ಒಬ್ಬ ಅಕ್ಕ ಪ್ಲಾಸ್ಟಿಕ್ಕನ್ನ ಬೆರಳಲ್ಲಿ ಹಿಸುಕಿ ಸದ್ದು ಕೇಳಿ ಬೇರೆ ಬೇರೆ ಚೀಲಕ್ಕೆ ಹಾಕ್ತಿದ್ರು, ಅನುಮಾನ ಬಂದಿದ್ದನ್ನ ನೀರಿನ ಬಕೆಟ್ಟಿಗೆ ಹಾಕಿ, ನೋಡಮ್ಮಾ ಹಾಲಿನ ಕವರ್ ತೇಲುತ್ತೆ ನೀರಿನ ಬಾಟಲಿ ಮುಳುಗುತ್ತೆ ಅಂತ ತೋರಿಸಿದ್ರು. ನೀರಿನ ಸಾಂದ್ರತೆ 1, ಹಾಲಿನ ಕವರಿನ ಪಾಲಿಎಥಿಲೀನ್‌ದು ಅದಕ್ಕಿಂತ ಕಮ್ಮಿ, ಬಾಟಲಿಯ ಪೆಟ್ ಪ್ಲಾಸ್ಟಿಕ್‌ದು ಸುಮಾರು 1.38, ನಾನು ಬೋರ್ಡ್ ಮೇಲೆ ಎಷ್ಟು ಸಲ ಬರೆದಿದ್ದೆನೋ, ಮಕ್ಕಳ ತಲೆಗೆ ಹೋಗಿದ್ದು ಅವತ್ತು. ಫ್ಯಾಕ್ಟರಿಯಲ್ಲಿರೋ ಇನ್‌ಫ್ರಾರೆಡ್ ಯಂತ್ರಕ್ಕೆ ಕಪ್ಪು ಪ್ಲಾಸ್ಟಿಕ್ ಸರಿಯಾಗಿ ಕಾಣಲ್ಲ, ಅದರಲ್ಲಿರೋ ಇಂಗಾಲದ ಪುಡಿ ಕಿರಣನೆಲ್ಲ ಹೀರ್ಕೊಳ್ಳುತ್ತೆ, ಆ ಅಕ್ಕನ ಕೈಗೆ ಬಣ್ಣದ ಹಂಗಿಲ್ಲ. ಇಂಥವರನ್ನ ತರಗತಿಗೆ ಕರೆದು ಅತಿಥಿ ಉಪನ್ಯಾಸಕರಿಗೆ ಕೊಡೋ ಗೌರವಧನವನ್ನೇ ಕೊಡಬೇಕು ಅಂತ ನನ್ನ ಬಲವಾದ ಅಭಿಪ್ರಾಯ.

ವಿಶ್ವವಿದ್ಯಾಲಯಗಳಿಗೆ ನನ್ನ ಕೋರಿಕೆ ಇಷ್ಟು. ಎಂಎಸ್ಸಿ ಮತ್ತು ಎಂಜಿನಿಯರಿಂಗ್ ಪ್ರಾಜೆಕ್ಟಲ್ಲಿ ಅವರವರ ತಾಲ್ಲೂಕಿನ ಒಣಕಸದ ಲೆಕ್ಕ ಮಾಡೋಕೆ ಅವಕಾಶ ಕೊಡಿ. ಪಿಎಚ್‌ಡಿ ಹುಡುಗರಿಗೆ ಒಂದು ವರ್ಷವಾದ್ರೂ ಪಾಲಿಕೆ ಜೊತೆ, ರೀಸೈಕಲ್ ಘಟಕದ ಜೊತೆ ಕೂತು ಕೆಲಸ ಮಾಡೋ ಹಾಗೆ ಫೆಲೋಶಿಪ್ ಇಡಿ. ಪಾಲಿಕೆ, ಪುರಸಭೆಯವರು ಅಂಕಿ ಹೇಳುವಾಗ ತೂಕ ಹಾಕಿದ ಜಾಗ, ತಿಂಗಳು, ಯಾವುದರಿಂದ ಭಾಗಿಸಿದ್ದು ಈ ಮೂರನ್ನೂ ಜೊತೆಗೆ ಬರೀಲಿ, ನಿಮ್ಮ ವರದಿಗಾರರೂ ಅದನ್ನ ಕೇಳಿ ಬರೆದ್ರೆ ನಮಗೆ ದೊಡ್ಡ ಉಪಕಾರ.

ನಮ್ಮ ಕಾಲೇಜಿನ ಹಿಂದೆ ಒಂದು ಗುಜರಿ ಅಂಗಡಿ ಇದೆ, ಯಜಮಾನರು ಒಪ್ಪಿದಾರೆ. ಈ ಸೆಮಿಸ್ಟರಿಂದ ನಮ್ಮ ಆರು ಜನ ವಿದ್ಯಾರ್ಥಿಗಳು ಪ್ರತಿ ಶನಿವಾರ ಅಲ್ಲಿ ತಕ್ಕಡಿ ಪಕ್ಕ ಕೂತು ಬಂದಿದ್ದು ಹೋಗಿದ್ದು ಬರ್ಕೋತಾರೆ. ಬೇರೆ ಕಾಲೇಜಿನ ಮೇಷ್ಟ್ರುಗಳು ಬಂದು ನೋಡೋದಾದ್ರೆ ಬನ್ನಿ, ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಎರಡರವರೆಗೆ ನಾನೂ ಅಲ್ಲೇ ಇರ್ತೀನಿ.

— ಒಬ್ಬ ಕೆಮಿಸ್ಟ್ರಿ ಉಪನ್ಯಾಸಕಿ, ತುಮಕೂರು ಜಿಲ್ಲೆ